ಕಿಟಕಿಗೆ ಎಷ್ಟು, ಗಂಟೆಗೆ ಎಷ್ಟು

ಜಯನಗರ, ಜೆ.ಪಿ. ನಗರದ ಕಡೆ ಕಿಟಕಿ ಗಾಜು ತೊಳೆಯುವ ಕೆಲಸ ಶುರುಮಾಡಿದವರಿಗೆ ಫೋನಿನಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: ‘ಒಂದು ಕಿಟಕಿಗೆ ಎಷ್ಟು ತಗೋತೀರಾ?’ ನೂರು ಅಂತಲೋ ನೂರೈವತ್ತು ಅಂತಲೋ ಬಾಯಿಬಿಟ್ಟರೆ ಅಲ್ಲಿಗೆ ಅರ್ಧ ವ್ಯಾಪಾರ ಕೈಬಿಟ್ಟಂತೆ. ಕೇಳುವವರ ಮನಸ್ಸಿನಲ್ಲಿರುವ ಕಿಟಕಿ ಬೇರೆ, ಏಣಿ ಹೊತ್ತು ಹೋದವನ ಕಣ್ಣಿಗೆ ಬೀಳುವ ಕಿಟಕಿ ಬೇರೆ. ತೇಗದ ಚೌಕಟ್ಟು, ಕಬ್ಬಿಣದ ಸರಳು, ಚೂರು ಚೂರು ಗಾಜು ಕೂರಿಸಿದ ನಾಲ್ಕು ರೆಕ್ಕೆ, ತಲೆಯ ಮೇಲೊಂದು ವೆಂಟಿಲೇಟರ್, ಎಂದೋ ಒಮ್ಮೆ ಕಳ್ಳರ ಭಯಕ್ಕೆ ಹೊರಗಿನಿಂದ ಹಾಕಿಸಿದ ಗ್ರಿಲ್, ಆಮೇಲೆ ಡೆಂಗಿ ಭಯಕ್ಕೆ ಬಡಿಸಿದ ಸೊಳ್ಳೆ ಮೆಶ್. ಇವಿಷ್ಟೂ ಸೇರಿ ಮನೆಯವರ ಲೆಕ್ಕದಲ್ಲಿ ‘ಒಂದು ಕಿಟಕಿ’.

ಚದರಡಿ ಲೆಕ್ಕ ಹಿಡಿಯೋಣ ಎಂದರೆ ಅದೂ ಕೈಕೊಡುತ್ತದೆ. ಬಣ್ಣ ಹೊಡೆಯುವವರು, ಟೈಲ್ಸ್ ಹಾಕುವವರು ಚದರಡಿಗಿಷ್ಟು ಎಂದು ಹೇಳಿ ನಮಗೆ ಅಭ್ಯಾಸ ಮಾಡಿಸಿದ್ದಾರೆ. ಗಾಜಿನ ಸ್ವಭಾವ ಹಾಗಲ್ಲ. ನಾಲ್ಕಡಿ ಅಗಲ, ನಾಲ್ಕಡಿ ಎತ್ತರದ ಒಂದೇ ಗಾಜಿನ ವಿಸ್ತೀರ್ಣ 16 ಚದರಡಿ, ಅದರ ಅಂಚಿನ ಉದ್ದವೂ 16 ಅಡಿ. ಅದೇ ಜಾಗವನ್ನು ಒಂದಡಿಯ 16 ಚೌಕಗಳಾಗಿ ಮಾಡಿದರೆ ವಿಸ್ತೀರ್ಣ ಇದ್ದಷ್ಟೇ ಇರುತ್ತದೆ, ಅಂಚು ಮಾತ್ರ 64 ಅಡಿ ಆಗುತ್ತದೆ. ಕೆಲಸದವನ ಹೊತ್ತು ಹೋಗುವುದು ಗಾಜಿನ ನಡುವೆ ಅಲ್ಲ, ಮೂಲೆಯಲ್ಲಿ, ಪುಟ್ಟಿಯ ಮಗ್ಗುಲಲ್ಲಿ, ನೀರು ಇಳಿದು ನಿಲ್ಲುವ ಕೆಳಪಟ್ಟಿಯಲ್ಲಿ. ಬಚ್ಚಲುಮನೆಯ ಪಟ್ಟಿ ಪಟ್ಟಿ ಗಾಜಿನ ವೆಂಟಿಲೇಟರ್ ಎರಡು ಚದರಡಿಯೂ ಇರುವುದಿಲ್ಲ. ಹಾಲಿನ ದೊಡ್ಡ ಗಾಜಿಗಿಂತ ಹೆಚ್ಚು ಹೊತ್ತು ತಿನ್ನುವುದು ಅದೇ. ಹಾಗಾಗಿ ಈ ಕಸುಬಿನಲ್ಲಿ ಅಳತೆಪಟ್ಟಿಗಿಂತ ಗಡಿಯಾರ ಮುಖ್ಯ.

ಬೆಂಗಳೂರು ದಕ್ಷಿಣದಲ್ಲಿ ಒಂದೇ ದರ ನಡೆಯುವುದಿಲ್ಲ ಎನ್ನುವುದಕ್ಕೆ ಇನ್ನೂ ಒಂದು ಕಾರಣವಿದೆ. ನಾಲ್ಕು ಬಡಾವಣೆಗಳು ನಾಲ್ಕು ಕಾಲಕ್ಕೆ, ನಾಲ್ಕು ಬಗೆಯಾಗಿ ಬೆಳೆದವು. ಜಯನಗರಕ್ಕೆ ಅಡಿಗಲ್ಲು ಬಿದ್ದದ್ದು 1948ರಲ್ಲಿ. ಅಲ್ಲಿ ಉಳಿದಿರುವ ಹಳೆಯ ಮನೆಗಳಿಗೆ ಸುತ್ತ ಜಾಗವಿದೆ, ಏಣಿ ನಿಲ್ಲಿಸಬಹುದು, ಆದರೆ ಗಾಜು ಚೂರು, ಮರ ಹಳತು, ಪುಟ್ಟಿ ಮುಟ್ಟಿದರೆ ಉದುರುತ್ತದೆ. ಬೀದಿಯ ಮರಗಳಿಂದ ಸುರಿಯುವ ಅಂಟು, ಹಕ್ಕಿ ಹಿಕ್ಕೆ ಬೇರೆ. ಬನಶಂಕರಿಯ ಎರಡನೇ, ಮೂರನೇ ಹಂತದಲ್ಲಿ 30x40 ಸೈಟಿನ ತುಂಬ ಮೂರಂತಸ್ತು ಎಬ್ಬಿಸಿದ ಮನೆಗಳು ಸಾಲುಗಟ್ಟಿವೆ. ಪಕ್ಕದ ಗೋಡೆ ಕೈಗೆಟಕುವಷ್ಟು ಹತ್ತಿರ. ಏಣಿಯ ಕಾಲು ಊರಲು ಜಾಗವಿಲ್ಲ, ಊರಿದರೂ ಅದು ಪಕ್ಕದವರ ಜಾಗ. ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಅಲ್ಯೂಮಿನಿಯಂ ಅಥವಾ ಯುಪಿವಿಸಿ ಸ್ಲೈಡಿಂಗ್ ಕಿಟಕಿ. ಗಾಜು ಒರೆಸುವುದು ಸುಲಭ, ಕೆಳಗಿನ ಟ್ರ್ಯಾಕಿನಲ್ಲಿ ಗಟ್ಟಿಯಾಗಿ ಕೂತ ಕೆಸರು, ಕೂದಲು, ಸತ್ತ ಹುಳು ಕೀಳುವುದೇ ಕೆಲಸ. ಬನ್ನೇರುಘಟ್ಟ ರಸ್ತೆಯ ಮಗ್ಗುಲಲ್ಲಿದ್ದರೆ ಮೆಟ್ರೊ ಕಾಮಗಾರಿ ವರ್ಷಗಟ್ಟಲೆ ಎಬ್ಬಿಸಿದ ಸಿಮೆಂಟ್ ದೂಳು ಅದಕ್ಕೆ ಸೇರಿಕೊಂಡಿರುತ್ತದೆ. ಬೈರಸಂದ್ರ, ತಾವರೆಕೆರೆ, ಮಡಿವಾಳ ಸೇರಿ ಆದ ಬಿಟಿಎಂ ಲೇಔಟಿನಲ್ಲಿ ಪಿಜಿಗಳೇ ಹೆಚ್ಚು: ಕೋಣೆಗೊಂದು ಕಿಟಕಿ, ಕಿಟಕಿಗೊಂದು ಒಗೆದ ಬಟ್ಟೆಯ ಹಗ್ಗ, ಒಳಗೆ ಮಲಗಿರುವ ರಾತ್ರಿಪಾಳಿಯ ಹುಡುಗರು. ಬಾಗಿಲು ತಟ್ಟಿ ಕಾಯುವ ಹೊತ್ತನ್ನು ಯಾವ ದರಪಟ್ಟಿಯಲ್ಲಿ ಬರೆಯುವುದು?

ಈಗ ಗಡಿಯಾರದ ಲೆಕ್ಕಕ್ಕೆ ಬರೋಣ. ಅಂಕಿಗಳು ಅಂದಾಜಿನವು, ನಿಮ್ಮ ಅಂಕಿ ಹಾಕಿಕೊಂಡು ಇದೇ ದಾರಿಯಲ್ಲಿ ನಡೆಯಬಹುದು.

ಇಬ್ಬರು ಕೆಲಸಗಾರರ ಒಂದು ಜೋಡಿ. ತಲಾ ದಿನಕ್ಕೆ 900 ರೂಪಾಯಿ ಕೂಲಿ, ತಿಂಗಳಿಗೆ 26 ದಿನ ಎಂದರೆ 46,800 ರೂಪಾಯಿ. ಕೆಲಸ ಇಲ್ಲದ ದಿನವೂ ಕೂಲಿ ಕೊಡಬೇಕೇ ಎಂದು ಕೇಳುವವರಿದ್ದಾರೆ. ಕೊಡದಿದ್ದರೆ ಅವನು ಮುಂದಿನ ವಾರ ಬರುವುದಿಲ್ಲ, ಪೇಂಟಿಂಗ್ ಮೇಸ್ತ್ರಿಯ ಹಿಂದೆ ಹೋಗಿರುತ್ತಾನೆ. ಮಳೆ, ‘ಇವತ್ತು ಬೇಡ, ಊರಿಂದ ನೆಂಟರು ಬಂದಿದ್ದಾರೆ’ ಎಂಬ ಬೆಳಗಿನ ಫೋನು, ಅಮಾವಾಸ್ಯೆ ಎಲ್ಲ ಕಳೆದು ನಿಜವಾಗಿ ಕೆಲಸ ನಡೆಯುವುದು 20 ದಿನ ಎಂದಿಟ್ಟುಕೊಳ್ಳಿ. ಆ ದಿನಗಳಲ್ಲಿ ಪೆಟ್ರೋಲು, ಸೋಪಿನ ನೀರು, ಬಟ್ಟೆ, ಬ್ಲೇಡು ಸೇರಿ ದಿನಕ್ಕೆ 250 ರೂಪಾಯಿ, ತಿಂಗಳಿಗೆ 5,000. ಏಣಿಯ ಸವೆತ, ಗಾಡಿಯ ರಿಪೇರಿ, ಮೊಬೈಲು, ವಿಮೆ, ಆಗೊಮ್ಮೆ ಈಗೊಮ್ಮೆ ಒಡೆಯುವ ಗಾಜು: ಇವು ಕೆಲಸ ಇರಲಿ ಬಿಡಲಿ ಓಡುವ ಖರ್ಚು, 6,500 ಇಡೋಣ. ಫೋನ್ ಎತ್ತಿ, ಮನೆ ನೋಡಿ, ದರ ಮಾತಾಡಿ, ಬಾಕಿ ವಸೂಲು ಮಾಡುವ ಮಾಲೀಕನ ಸ್ವಂತ ಶ್ರಮಕ್ಕೆ 15,000. ಒಟ್ಟು 73,300 ರೂಪಾಯಿ.

ಇದನ್ನು ಎಷ್ಟು ಗಂಟೆಗೆ ಹಂಚಬೇಕು? ಬೆಳಗ್ಗೆ ಒಂಬತ್ತಕ್ಕೆ ಹೊರಟು ಸಂಜೆ ಆರಕ್ಕೆ ವಾಪಸಾದರೂ ಗಾಜಿನ ಮೇಲೆ ಕೈ ಇರುವುದು ಐದು ಗಂಟೆ ಮಾತ್ರ. ಉಳಿದದ್ದು ಟ್ರಾಫಿಕ್ಕಿಗೆ, ಗೇಟಿನ ರಿಜಿಸ್ಟರಿಗೆ, ಲಿಫ್ಟ್ ಕಾಯಲು, ಸೋಫಾ ಸರಿಸಲು, ಕರ್ಟನ್ ಬಿಚ್ಚಲು, ಊಟಕ್ಕೆ. ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ ಸುಮಾರು 34 ನಿಮಿಷ ಬೇಕಿತ್ತು. ಇಪ್ಪತ್ತು ದಿನ, ದಿನಕ್ಕೆ ಐದು ಗಂಟೆ ಎಂದರೆ ತಿಂಗಳಿಗೆ 100 ಗಂಟೆ. ಜೋಡಿಯ ಒಂದು ಗಂಟೆಯ ಅಸಲು 733 ರೂಪಾಯಿ. ಎಂಟು ಕಿಟಕಿಯ ಎರಡು ಬೆಡ್‌ರೂಮ್ ಮನೆಗೆ ಎರಡೂವರೆ ಗಂಟೆ ಹಿಡಿದರೆ ಅಸಲೇ 1,832 ರೂಪಾಯಿ. ಹತ್ತು ಪರ್ಸೆಂಟ್ ಲಾಭ ಸೇರಿಸಿದರೆ ಎರಡು ಸಾವಿರ ದಾಟುತ್ತದೆ. ಫೋನಿನಲ್ಲಿ ‘ಕಿಟಕಿಗೆ ನೂರು’ ಎಂದವನು ಅದೇ ಮನೆಯಿಂದ 800 ರೂಪಾಯಿ ತಂದು, ಸಾವಿರದಷ್ಟು ತನ್ನ ಕೈಯಿಂದ ಹಾಕಿ ಬಂದಿರುತ್ತಾನೆ. ಆರು ತಿಂಗಳ ನಂತರ ‘ಕೆಲಸ ಚೆನ್ನಾಗಿಯೇ ಇತ್ತು, ಯಾಕೋ ಕೈಹತ್ತಲಿಲ್ಲ’ ಎನ್ನುತ್ತಾನೆ.

ಹಾಗೆಂದು ಗಿರಾಕಿಗೆ ಗಂಟೆಯ ದರ ಹೇಳಬಾರದು. ಹೇಳಿದರೆ ಎರಡು ತೊಂದರೆ. ಮನೆಯವರು ಕುರ್ಚಿ ಹಾಕಿಕೊಂಡು ಗಡಿಯಾರ ನೋಡುತ್ತಾ ಕೂರುತ್ತಾರೆ. ಕೆಲಸಗಾರ ನೀರು ಕುಡಿದರೂ ಅವರಿಗೆ ಸಂಕಟ. ಎರಡನೆಯದು, ಚುರುಕಾಗಿ ಕೆಲಸ ಮಾಡುವವನಿಗೆ ದಂಡ ಬೀಳುತ್ತದೆ. ಅಮೆರಿಕದ ಓಕ್‌ಲ್ಯಾಂಡಿನಲ್ಲಿ ನೆಲೆಸಿದ್ದ ಇಟಲಿ ಮೂಲದ ಎಟೋರೆ ಸ್ಟೆಕೋನೆ ಎಂಬ ಕಿಟಕಿ ಕೆಲಸಗಾರ 1936ರಲ್ಲಿ ಹಗುರವಾದ ಹಿತ್ತಾಳೆ ಹಿಡಿಯ, ಒಂದೇ ರಬ್ಬರ್ ಪಟ್ಟಿಯ ವೈಪರ್ ಮಾಡಿದ. ಇವತ್ತಿಗೂ ಜಗತ್ತಿನ ವೃತ್ತಿಪರರ ಕೈಯಲ್ಲಿರುವುದು ಹೆಚ್ಚುಕಡಿಮೆ ಅದೇ ಉಪಕರಣ. ಅದು ಕೈಗೆ ಹೊಂದಿದವನು ಹಳೇ ಪೇಪರು, ಕೊಲಿನ್ ಹಿಡಿದು ಉಜ್ಜುವವನಿಗಿಂತ ಎಷ್ಟೋ ಬೇಗ ಮುಗಿಸುತ್ತಾನೆ. ಗಂಟೆ ಲೆಕ್ಕದಲ್ಲಿ ಅವನಿಗೇ ಕಡಿಮೆ ದುಡ್ಡು ಸಿಗಬೇಕೆ? ಲೆಕ್ಕ ಹಾಕುವುದು ಗಂಟೆಯಲ್ಲಿ, ಹೇಳುವುದು ‘ನಿಮ್ಮ ಮನೆಗೆ ಒಟ್ಟು ಇಷ್ಟು’ ಎಂದು. ಮನೆ ನೋಡಿಯೇ ಹೇಳಬೇಕು, ಇಲ್ಲವೇ ಎಲ್ಲ ಕಿಟಕಿಗಳ ಫೋಟೊ ವಾಟ್ಸ್‌ಆ್ಯಪಿನಲ್ಲಿ ತರಿಸಿಕೊಂಡು, ಒಳಗಿನಿಂದ ಒಂದು, ಹೊರಗಿನಿಂದ ಒಂದು.

ಎರಡು ಸಾವಿರ ಅಂದಕೂಡಲೇ ಆ ಕಡೆಯಿಂದ ಬರುವ ಮಾತು ಎಲ್ಲರಿಗೂ ಗೊತ್ತು. ‘ಅಷ್ಟೊಂದಾ? ನಮ್ಮ ಕೆಲಸದವಳಿಗೆ ಇನ್ನೂರು ಕೊಟ್ಟರೆ ಮಾಡಿಕೊಡ್ತಾಳೆ.’ ಈ ಕಸುಬಿನ ದರದ ಚರ್ಚೆಯೆಲ್ಲ ಕೊನೆಗೆ ಬಂದು ನಿಲ್ಲುವುದು ಇಲ್ಲಿಯೇ. ಕಿಟಕಿ ತೊಳೆಯುವವನ ಪ್ರತಿಸ್ಪರ್ಧಿ ಪಕ್ಕದ ರಸ್ತೆಯ ಇನ್ನೊಂದು ಕಂಪನಿಯಲ್ಲ, ಮನೆಗೆಲಸಕ್ಕೆ ಬರುವ ಹೆಂಗಸು. ಹಬ್ಬದ ಹಿಂದಿನ ಭಾನುವಾರ ಸ್ಟೂಲಿನ ಮೇಲೆ ನಿಂತು ಅವಳು ಮನೆಯ ಅಷ್ಟೂ ಗಾಜು ಒರೆಸಿದರೆ ಸಿಗುವುದು ಇನ್ನೂರು ರೂಪಾಯಿ, ಒಂದು ಲೋಟ ಕಾಫಿ. ಅವಳ ಗಂಟೆಗೆ ನಾವು ಬೆಲೆ ಕಟ್ಟದೆ ಇರುವುದರಿಂದಲೇ ಇವನ ಗಂಟೆ ದುಬಾರಿ ಅನ್ನಿಸುವುದು. ಮನೆಗೆಲಸದವರಿಗೆ ಕನಿಷ್ಠ ವೇತನ ಎಂದು ಅಧಿಸೂಚನೆ ಹೊರಡಿಸುವುದರಲ್ಲಿ ದೇಶಕ್ಕೇ ಮುಂದೆ ನಿಂತದ್ದು ಕರ್ನಾಟಕ, ಅದೂ 2004ರಷ್ಟು ಹಿಂದೆ. ಜಯನಗರದ ಎಷ್ಟು ಮನೆಗಳಲ್ಲಿ ಆ ಲೆಕ್ಕದಂತೆ ಸಂಬಳ ಕೊಡುತ್ತಾರೆ ಎಂದು ನಾನು ಕೇಳಲು ಹೋಗುವುದಿಲ್ಲ, ಉತ್ತರ ಊಹಿಸಬಹುದು.

ಇನ್ನೊಂದು ಹೋಲಿಕೆಯೂ ಈಗ ಬಂದಿದೆ, ಮೊಬೈಲ್ ಆ್ಯಪಿನದು. 2025ರ ಮಾರ್ಚಿನಲ್ಲಿ ಅರ್ಬನ್ ಕಂಪನಿ ಮುಂಬೈಯಲ್ಲಿ ಗಂಟೆಗೆ 49 ರೂಪಾಯಿಗೆ ಮನೆಗೆಲಸದವರನ್ನು ಕಳಿಸುತ್ತೇವೆ ಎಂದು ಪ್ರಚಾರ ಮಾಡಿದಾಗ ದೊಡ್ಡ ಗಲಾಟೆಯಾಯಿತು. ಅದು ಶುರುವಿನ ರಿಯಾಯಿತಿ ದರ, ಕೆಲಸದವರಿಗೆ ಗಂಟೆಗೆ 150ರಿಂದ 180 ರೂಪಾಯಿ ಸಿಗುತ್ತದೆ ಎಂದು ಕಂಪನಿಯೇ ಹೇಳಿತು. ಎಂದರೆ ಗಿರಾಕಿ ಕೊಟ್ಟದ್ದಕ್ಕಿಂತ ಕೆಲಸಗಾರರಿಗೆ ಹೋದದ್ದು ಹೆಚ್ಚು. ನಡುವಿನ ಅಂತರವನ್ನು ತುಂಬಿದ್ದು ಬಂಡವಾಳ. ಒಂದು ಸ್ಕೂಟರ್, ಒಂದು ಏಣಿ ಇಟ್ಟುಕೊಂಡವನು ಆ ದರಕ್ಕೆ ಪೈಪೋಟಿಗೆ ಇಳಿದರೆ ಸೋಲು ಗ್ಯಾರಂಟಿ. ಅವನ ಬೆನ್ನ ಹಿಂದೆ ನಷ್ಟ ಭರಿಸುವ ಹೂಡಿಕೆದಾರರಿಲ್ಲ, ಹೆಚ್ಚೆಂದರೆ ಒಂದು ಚಿನ್ನದ ಸಾಲವಿದೆ.

ಅಸಲಿಗಿಂತ ಕೆಳಗೆ ಮಾರಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಬೆಂಗಳೂರಿನವರಿಗೆ ಹತ್ತಿರದ ಉದಾಹರಣೆ ಲಾಲ್‌ಬಾಗ್ ರಸ್ತೆಯ ಎಂ.ಟಿ.ಆರ್. ತುರ್ತುಪರಿಸ್ಥಿತಿಯ ಕಾಲದಲ್ಲಿ, 1975ರ ಹೊತ್ತಿಗೆ, ಹೋಟೆಲುಗಳು ತೀರಾ ಕಡಿಮೆ ಬೆಲೆಗೆ ತಿಂಡಿ ಕೊಡಬೇಕೆಂದು ಸರ್ಕಾರ ಕಟ್ಟುಮಾಡಿತು. ಆ ಬೆಲೆಗೆ ತಮ್ಮ ಹಳೆಯ ಗುಣಮಟ್ಟ ನಡೆಯುವುದಿಲ್ಲ ಎಂದು ಕಂಡ ಎಂ.ಟಿ.ಆರ್.ನವರು ಸಿದ್ಧ ಮಿಶ್ರಣಗಳ ಪೊಟ್ಟಣದ ವ್ಯಾಪಾರಕ್ಕೆ ಹೊರಳಿದರು. ದರ ತೀರಾ ಇಳಿದಾಗ ತುಪ್ಪ ಕಡಿಮೆ ಮಾಡುವುದು ಒಂದು ದಾರಿ, ಬೇರೆ ವ್ಯಾಪಾರ ಹುಡುಕುವುದು ಇನ್ನೊಂದು. ಕಿಟಕಿ ಕೆಲಸದಲ್ಲಿ ತುಪ್ಪ ಕಡಿಮೆ ಮಾಡುವುದೆಂದರೆ ಮೆಶ್ ತೊಳೆಯದೆ ಗಾಜಷ್ಟೇ ಒರೆಸಿ ಬರುವುದು, ಹಗ್ಗ ಕಟ್ಟದೆ ಸಜ್ಜಾದ ಮೇಲೆ ಹುಡುಗನನ್ನು ಇಳಿಸುವುದು.

ದರಪಟ್ಟಿ ಹೇಗಿರಬೇಕು ಎಂಬುದಕ್ಕೆ ಒಳ್ಳೆಯ ಮಾದರಿ ನಮ್ಮ ರಸ್ತೆಯಲ್ಲೇ ಓಡಾಡುತ್ತಿದೆ: ಆಟೊ ಮೀಟರ್. 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ ಕನಿಷ್ಠ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ಬನಶಂಕರಿ ದೇವಸ್ಥಾನದಿಂದ ಪಕ್ಕದ ಬಸ್ ನಿಲ್ದಾಣಕ್ಕೆ ಹೋದರೂ ಕನಿಷ್ಠ ದರ ಕೊಡಲೇಬೇಕು. ಯಾಕೆಂದು ಯಾರೂ ಕೇಳುವುದಿಲ್ಲ. (ಮೀಟರ್ ಹಾಕಲು ಒಪ್ಪುವ ಆಟೊ ಸಿಗುವುದು ಬೇರೆ ಪ್ರಶ್ನೆ.) ಕಿಟಕಿ ಕೆಲಸಕ್ಕೂ ಹಾಗೊಂದು ಮಿನಿಮಮ್ ಬೇಕು. ‘ಎರಡೇ ಕಿಟಕಿ, ಬೇಗ ಬಂದು ಮಾಡಿ ಹೋಗಿ’ ಎನ್ನುವ ಮನೆಗೆ ಹೋಗಿಬರುವ ದಾರಿ, ಇಳಿಸಿ ಏರಿಸುವ ಸಾಮಾನು ಎಂಟು ಕಿಟಕಿಯ ಮನೆಯಷ್ಟೇ. ನಮ್ಮ ಲೆಕ್ಕದ ಜೋಡಿ ಒಂಬೈನೂರಕ್ಕೆ ಕಡಿಮೆ ಏಣಿ ಎತ್ತಬಾರದು. ಅದನ್ನು ಮೊದಲ ಫೋನಿನಲ್ಲೇ ಹೇಳಿಬಿಟ್ಟರೆ ಅರ್ಧ ಮನಸ್ತಾಪ ತಪ್ಪುತ್ತದೆ.

ರಿಯಾಯಿತಿ ಎಲ್ಲಿ ಕೊಡಬೇಕು ಎಂಬುದಕ್ಕೆ ನೀರಿನ ಟ್ಯಾಂಕರಿನ ದರ ನೋಡಬಹುದು. 2024ರ ಮಾರ್ಚಿನ ನೀರಿನ ಬರದಲ್ಲಿ ಟ್ಯಾಂಕರಿನವರು ಬಾಯಿಗೆ ಬಂದಷ್ಟು ಕೇಳುತ್ತಿದ್ದಾಗ ಬೆಂಗಳೂರು ನಗರ ಜಿಲ್ಲಾಡಳಿತ ದರ ಕಟ್ಟಿತು. 5 ಕಿಲೋಮೀಟರಿನ ಒಳಗೆ 6,000 ಲೀಟರಿಗೆ 600 ರೂಪಾಯಿ, 12,000 ಲೀಟರಿಗೆ 1,000. 5ರಿಂದ 10 ಕಿಲೋಮೀಟರಾದರೆ 750 ಮತ್ತು 1,200. ದೂರ ಹೆಚ್ಚಿದರೆ ದರ ಏರಿತು, ಒಂದೇ ಕಡೆ ಹೆಚ್ಚು ಇಳಿಸಿದರೆ ಲೀಟರಿನ ಬೆಲೆ ಇಳಿಯಿತು. ನಿಜವಾಗಿ ಖರ್ಚು ಕಡಿಮೆಯಾಗುವ ಜಾಗದಲ್ಲಿ ಮಾತ್ರ ದರ ಕಡಿಮೆ ಮಾಡಬೇಕು ಅನ್ನುವ ಪಾಠ ಅದರಲ್ಲಿದೆ. ‘ಕೊನೇದಾಗಿ ಎಷ್ಟು ಹೇಳಿ’ ಎಂದು ಜಗ್ಗಿದವರಿಗೆ ಇಳಿಸಿ, ಸುಮ್ಮನೆ ಒಪ್ಪಿಕೊಂಡ ಅಜ್ಜಿಯ ಹತ್ತಿರ ಪೂರ್ತಿ ತೆಗೆದುಕೊಳ್ಳುವುದು ಅನ್ಯಾಯವಷ್ಟೇ ಅಲ್ಲ, ಆ ಇಬ್ಬರೂ ಬೆಳಗಿನ ವಾಕಿಂಗಿನಲ್ಲಿ ಭೇಟಿಯಾಗುತ್ತಾರೆ. ಅದರ ಬದಲು ‘ಎದುರು ಮನೆಯವರೂ ಅದೇ ದಿನ ಮಾಡಿಸಿದರೆ ಇಬ್ಬರಿಗೂ 300 ಕಡಿಮೆ’ ಎನ್ನಬಹುದು. ಒಂದು ಓಡಾಟ ಉಳಿಯಿತು, ಅದರ ಪಾಲು ಗಿರಾಕಿಗೂ ಸಿಕ್ಕಿತು. ಬಿಟಿಎಂನಲ್ಲಿ ಬೆಳಗ್ಗೆ ಒಂದು ಮನೆ, ಮಧ್ಯಾಹ್ನ ಬನಶಂಕರಿ ಮೂರನೇ ಹಂತದಲ್ಲಿ ಇನ್ನೊಂದು ಎಂದು ಒಪ್ಪಿಕೊಳ್ಳುವವನು ಕಿಟಕಿ ಕೆಲಸ ಮಾಡುತ್ತಿಲ್ಲ, ಸಿಲ್ಕ್ ಬೋರ್ಡಿನಿಂದ ಈಚೆಗಿನ ಸಿಗ್ನಲ್ಲುಗಳನ್ನು ಕಾಯುತ್ತಿದ್ದಾನೆ.

ನೀರಿನ ವಿಷಯ ಬಂದಿತಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗಾಜಿನ ಕೆಲಸದಲ್ಲಿ ಅತಿ ಹೆಚ್ಚು ಜಗಳ ಹುಟ್ಟುವುದು ಬಿಳಿ ಕಲೆಯಿಂದ. ತೊರೆಕಾಡನಹಳ್ಳಿಯಿಂದ ನೂರು ಕಿಲೋಮೀಟರ್ ಪಂಪ್ ಆಗಿ ಬರುವ ಕಾವೇರಿ ನೀರು ಮೃದು. ಕೊಳವೆಬಾವಿಯ ನೀರಿನಲ್ಲಿ ಸುಣ್ಣ, ಮೆಗ್ನೀಷಿಯಂ ಜಾಸ್ತಿ. ಅನೇಕ ಮನೆಗಳಲ್ಲಿ ಎರಡೂ ಒಂದೇ ಸಂಪಿಗೆ ಬೀಳುತ್ತವೆ. ಗಿಡಕ್ಕೆ ಪೈಪಿನಲ್ಲಿ ಹಾಯಿಸಿದ ಬೋರ್ ನೀರು ಗಾಜಿಗೆ ಸಿಡಿದು, ಬಿಸಿಲಿಗೆ ಒಣಗಿ, ವರ್ಷಗಟ್ಟಲೆ ಪದರ ಪದರವಾಗಿ ಕೂತಿರುತ್ತದೆ. ಸೋಪಿಗೆ ಅದು ಜಗ್ಗುವುದಿಲ್ಲ. ಹೊಸ ಕಲೆಯಾದರೆ ವಿನೆಗರ್, ನಿಂಬೆಹುಳಿಯಂಥ ಮೆದು ಆಮ್ಲಕ್ಕೆ ಕರಗುತ್ತದೆ, ಹಳತಾದರೆ ಗಾಜಿನ ಮೈಯನ್ನೇ ತಿಂದಿರುತ್ತದೆ, ಆಗ ಯಾವ ದುಡ್ಡು ಕೊಟ್ಟರೂ ಮೊದಲಿನಂತಾಗದು. ಅವಸರಕ್ಕೆ ಟಾಯ್ಲೆಟ್ಟಿನ ಆ್ಯಸಿಡ್ ಸುರಿದವನು ಅಲ್ಯೂಮಿನಿಯಂ ಚೌಕಟ್ಟನ್ನೂ ಕೆಳಗಿನ ಮಾರ್ಬಲ್ ಪಟ್ಟಿಯನ್ನೂ ಕೆಡಿಸಿ ಬರುತ್ತಾನೆ. ಆದ್ದರಿಂದ ಕಲೆ ತೆಗೆಯುವುದು ಬೇರೆ ಕೆಲಸ, ಬೇರೆ ದರ. ಒಂದು ಮೂಲೆಯಲ್ಲಿ ಅಂಗೈಯಗಲ ಮಾಡಿ ತೋರಿಸಿ, ‘ಇಷ್ಟು ಹೋಗುತ್ತೆ ಮೇಡಂ, ಇದಕ್ಕಿಂತ ಹೋಗಲ್ಲ’ ಎಂದು ಒಪ್ಪಿಸಿಕೊಂಡ ಮೇಲೆಯೇ ಮುಂದುವರಿಯಬೇಕು. ಪೇಂಟಿಂಗ್ ಆದ ಮನೆಯ ಗಾಜಿನ ಮೇಲಿನ ಬಣ್ಣದ ಹನಿ, ಸಿಮೆಂಟ್ ಚುಕ್ಕೆಗೂ ಇದೇ ಮಾತು. ಬ್ಲೇಡಿನಲ್ಲಿ ಕೆರೆದರೆ ಕೆಲವು ಟಫನ್ಡ್ ಗಾಜುಗಳ ಮೇಲೆ ಗೀರು ಬೀಳುತ್ತದೆ, ಆ ಗಾಜನ್ನು ಕತ್ತರಿಸಿ ಕೂರಿಸಲು ಬರುವುದಿಲ್ಲ, ಅಳತೆ ಕೊಟ್ಟು ಹೊಸದಾಗಿ ಮಾಡಿಸಬೇಕು. ಅಂಥ ಒಂದು ಗಾಜು ತಿಂಗಳ ಲಾಭವನ್ನು ನುಂಗುತ್ತದೆ. ಕೆಲಸ ಶುರುವಾಗುವ ಮುಂಚೆ ಇರುವ ಗೀರುಗಳ ಫೋಟೊ ತೆಗೆದು ಮನೆಯವರಿಗೆ ಕಳಿಸಿಬಿಡುವುದು ಕ್ಷೇಮ.

ಒರೆಸಲು ಬಳಸುವ ನೀರಿಗೂ ಇದೇ ನಿಯಮ. ಮನೆಯ ಬೋರ್ ನೀರಿನಲ್ಲಿ ಗಾಜು ತೊಳೆದರೆ ತೊಳೆದ ನೀರೇ ಕಲೆಯಾಗುತ್ತದೆ. ಕೆಲವು ನೂರು ರೂಪಾಯಿಗೆ ಸಿಗುವ ಟಿಡಿಎಸ್ ಮೀಟರ್ ಒಂದು ಜೇಬಿನಲ್ಲಿರಲಿ. ನೀರು ಗಡಸಾಗಿದ್ದರೆ ಎರಡು ಕ್ಯಾನು ಹೊತ್ತೊಯ್ಯುವ ಖರ್ಚನ್ನು ದರದಲ್ಲಿ ಸೇರಿಸಿಕೊಳ್ಳಬೇಕು. ವಿದೇಶಗಳಲ್ಲಿ ಲವಣವನ್ನೆಲ್ಲ ತೆಗೆದ ನೀರನ್ನು ಉದ್ದ ಕೋಲಿನ ಬ್ರಷ್ಷಿನ ಮೂಲಕ ಹಾಯಿಸಿ, ಒರೆಸದೆಯೇ ಒಣಗಲು ಬಿಡುತ್ತಾರೆ. ನೆಲದ ಮೇಲೆ ನಿಂತೇ ಮೂರನೇ ಮಹಡಿ ಮುಗಿಯುತ್ತದೆ. ಬನಶಂಕರಿಯ ಇಕ್ಕಟ್ಟಿಗೆ ಹೇಳಿ ಮಾಡಿಸಿದ ಉಪಾಯ ಅದು, ಗ್ರಿಲ್ ಇಲ್ಲದಿದ್ದರೆ. ನಮ್ಮಲ್ಲಿ ಗ್ರಿಲ್ ಇಲ್ಲದ ಕಿಟಕಿ ಎಲ್ಲಿದೆ?

ಎತ್ತರದ ಬೆಲೆ ಹೇಳುವಾಗ ಹೆಚ್ಚಿನವರು ‘ಮೇಲಿನ ಮಹಡಿಗೆ ಐವತ್ತು ಜಾಸ್ತಿ’ ಎಂದು ಮುಗಿಸುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಏಣಿ ಭದ್ರವಾಗಿ ನಿಲ್ಲುವ ಎತ್ತರದವರೆಗೆ ಹೆಚ್ಚುವರಿ ದರ ಸರಿ, ಯಾಕೆಂದರೆ ಒಬ್ಬ ಹತ್ತಿದರೆ ಇನ್ನೊಬ್ಬ ಹಿಡಿದು ನಿಲ್ಲಬೇಕು, ಆ ಹೊತ್ತಿನಲ್ಲಿ ಕೆಲಸ ಮಾಡುವ ಕೈ ಎರಡಲ್ಲ, ಒಂದು. ಅದಕ್ಕಿಂತ ಮೇಲೆ ಐವತ್ತು, ಐನೂರು ಎಂಬ ಚೌಕಾಸಿಗೆ ಅರ್ಥವಿಲ್ಲ. ಪೂರ್ತಿ ಮೈಗೆ ತೊಡುವ ಹಾರ್ನೆಸ್ ಇದೆಯೆ, ಅದನ್ನು ಕಟ್ಟಲು ಗಟ್ಟಿ ಜಾಗವಿದೆಯೆ, ಹಗ್ಗದ ಕೆಲಸ ಕಲಿತವನಿದ್ದಾನೆಯೆ? ಮೂರಕ್ಕೂ ಹೌದು ಎಂದರೆ ಅದು ಬೇರೆಯೇ ಕಸುಬು, ಅದರ ದರ ಈ ಅಂಕಣದ ಲೆಕ್ಕಕ್ಕೆ ಸಿಗುವುದಿಲ್ಲ. ಒಂದಕ್ಕೆ ಇಲ್ಲ ಎಂದರೂ ‘ಒಳಗಿನಿಂದ ಕೈ ಎಟಕುವಷ್ಟು ಮಾತ್ರ’ ಎಂದು ಚೀಟಿಯಲ್ಲಿ ಬರೆದು ಅಷ್ಟಕ್ಕೇ ದರ ಹಾಕಬೇಕು. ಸಜ್ಜಾ ಮಳೆ ತಡೆಯಲು ಕಟ್ಟಿದ್ದು, ಮನುಷ್ಯ ನಿಲ್ಲಲು ಅಲ್ಲ. ವಿಮೆಯ ಮಾತೂ ಇಲ್ಲೇ ಬರಬೇಕು. ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಅಪಘಾತದಲ್ಲಿ ಸತ್ತರೆ 2 ಲಕ್ಷ ಸಿಗುತ್ತದೆ. ಅದು ಇಲ್ಲದ ಹುಡುಗನನ್ನು ಏಣಿ ಹತ್ತಿಸುವವರಿಗೆ ಯಾವ ನೆಪವೂ ಇಲ್ಲ. ಅದೊಂದೇ ಸಾಕು ಅನ್ನುವವರಿಗೂ ಇಲ್ಲ, ಬಿದ್ದವನು ಬದುಕಿ ಆಸ್ಪತ್ರೆ ಸೇರಿದರೆ ಆ ಖರ್ಚಿಗೆ ಬೇರೆ ಪಾಲಿಸಿಯೇ ಬೇಕು.

ಹಬ್ಬದ ದರದ ಬಗ್ಗೆ ಕಡಿಮೆ ಮಾತು ಸಾಕು. ಯುಗಾದಿ, ವರಮಹಾಲಕ್ಷ್ಮಿ, ಗೌರಿ ಗಣೇಶ, ಆಯುಧಪೂಜೆ, ದೀಪಾವಳಿಯ ಹಿಂದಿನ ವಾರ ಎಲ್ಲರಿಗೂ ಒಟ್ಟಿಗೆ ಕಿಟಕಿ ನೆನಪಾಗುತ್ತದೆ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಫೋನು ಸುಮ್ಮನಿರುತ್ತದೆ. ಹಬ್ಬಕ್ಕೆ ದರ ಏರಿಸಿದರೆ ಕೆಟ್ಟ ಹೆಸರು. ಬದಲಿಗೆ ಇಡೀ ವರ್ಷಕ್ಕೆ ಸರಿಯಾದ ದರ ಇಟ್ಟು, ಆಷಾಢದಲ್ಲಿ ಇಳಿಸಿದರೆ ಅದೇ ಅಂತರವನ್ನು ಜನ ಸಂತೋಷದಿಂದ ಒಪ್ಪುತ್ತಾರೆ. ಬಾಡಿಗೆ ಮನೆ ಖಾಲಿ ಮಾಡುವವರ ಕೆಲಸಕ್ಕೆ ಕಾಲವಿಲ್ಲ, ತಿಂಗಳ ಕೊನೆ ಅಷ್ಟೆ. ಅಲ್ಲಿ ದುಡ್ಡು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುವ ಮಾಲೀಕರು ಕೊಡುತ್ತಾರೋ ಬಾಡಿಗೆದಾರ ಕೊಡುತ್ತಾನೋ ಎಂದು ಮೊದಲೇ ಕೇಳಿಕೊಳ್ಳಬೇಕು.

ತೆರಿಗೆಗೂ ಕಿಟಕಿಗೂ ಹಳೆಯ ನಂಟು. ಇಂಗ್ಲೆಂಡಿನಲ್ಲಿ 1696ರಿಂದ 1851ರವರೆಗೆ ಮನೆಯ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿದ್ದರು, ಜನ ಕಿಟಕಿಗೆ ಇಟ್ಟಿಗೆ ಕಟ್ಟಿ ತಪ್ಪಿಸಿಕೊಳ್ಳುತ್ತಿದ್ದರು. ನಮ್ಮ ಜಿಎಸ್‌ಟಿಯಲ್ಲಿ ಕಿಟಕಿ ತೊಳೆಯುವ ಸೇವೆಗೆಂದೇ ಪ್ರತ್ಯೇಕ ಸಂಖ್ಯೆ ಇದೆ, 998532. ದರ 18 ಪರ್ಸೆಂಟ್. ಸೇವೆ ಕೊಡುವವರ ವರ್ಷದ ವಹಿವಾಟು 20 ಲಕ್ಷ ದಾಟುವ ತನಕ ನೋಂದಣಿ ಬೇಕಿಲ್ಲ. ನಮ್ಮ ಲೆಕ್ಕದ ಒಂದು ಜೋಡಿ ಲಾಭ ಸೇರಿ ತಿಂಗಳಿಗೆ ಸುಮಾರು 80,600 ದುಡಿದರೆ ವರ್ಷಕ್ಕೆ 9.7 ಲಕ್ಷ. ಎರಡು ಜೋಡಿಯಾದರೆ 19.4 ಲಕ್ಷ, ಗಡಿಯ ಅಂಚು. ಮೂರನೇ ಜೋಡಿ ಸೇರಿಸಿದ ವರ್ಷ ಎರಡು ಸಾವಿರದ ಬಿಲ್ಲು 2,360 ಆಗುತ್ತದೆ; ಮನೆಯವರಿಗೆ ಆ 360 ಎಲ್ಲಿಂದಲೂ ವಾಪಸು ಬರುವುದಿಲ್ಲ. 50 ಲಕ್ಷದೊಳಗಿನ ಸೇವಾದಾರರು 6 ಪರ್ಸೆಂಟಿನ ಕಾಂಪೊಸಿಷನ್ ಆರಿಸಿಕೊಳ್ಳಬಹುದು, ಆದರೆ ಅದನ್ನು ಗಿರಾಕಿಯ ಬಿಲ್ಲಿಗೆ ಸೇರಿಸುವಂತಿಲ್ಲ, ಕೈಯಿಂದ ಕಟ್ಟಬೇಕು. ಯಾವುದನ್ನು ಹಿಡಿಯುವುದೆಂದು ಎರಡನೇ ಜೋಡಿ ಇಡುವಾಗಲೇ ಯೋಚಿಸಿ ದರ ಕಟ್ಟಿದವರಿಗೆ ಆಮೇಲೆ ಗಾಬರಿಯಿಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸುಗಳು ಬಂದಾಗ ಬೆಂಗಳೂರಿನ ಸಣ್ಣ ಅಂಗಡಿಗಳವರು ಕ್ಯೂಆರ್ ಕೋಡ್ ಕಿತ್ತು ‘ಕ್ಯಾಷ್ ಮಾತ್ರ’ ಎಂದು ಬೋರ್ಡು ಹಾಕಿದ್ದು ನೆನಪಿರಬಹುದು. ಮುಖ್ಯಮಂತ್ರಿಗಳೇ ವ್ಯಾಪಾರಿಗಳನ್ನು ಕರೆದು ಮಾತಾಡುವವರೆಗೆ ಅದು ಹೋಯಿತು. ಬೋರ್ಡು ಹಾಕುವುದಕ್ಕಿಂತ ಒಂದು ನೋಟ್‌ಪುಸ್ತಕದಲ್ಲಿ ದಿನದ ಕೆಲಸ, ಬಂದ ದುಡ್ಡು ಬರೆದಿಟ್ಟುಕೊಳ್ಳುವುದು ಅಗ್ಗ. ಯಾವ ಬಗೆಯ ಮನೆಗೆ ಎಷ್ಟು ಹೊತ್ತು ಹಿಡಿಯಿತು ಎಂಬುದೂ ಅದೇ ಪುಸ್ತಕದಲ್ಲಿ ಸಿಗುತ್ತದೆ, ಮುಂದಿನ ದರ ಕಟ್ಟುವುದು ಅದರಿಂದಲೇ.

ಕೊನೆಯದಾಗಿ ಕಾಯಂ ಗಿರಾಕಿಗಳ ದರ. ಬ್ರಿಟನ್ನಿನಲ್ಲಿ ಕಿಟಕಿಯವನು ಪೇಪರ್ ಹಾಕುವವನಂತೆ ತಿಂಗಳಿಗೊಮ್ಮೆ ಅದೇ ಬೀದಿಗೆ ಬರುತ್ತಾನೆ. ಗಾಜು ಕೊಳೆಯಾಗುವ ಮುಂಚೆಯೇ ಒರೆಸುವುದರಿಂದ ಒಂದು ಮನೆ ಬೇಗ ಮುಗಿಯುತ್ತದೆ, ದರವೂ ಕಡಿಮೆ. ನಮ್ಮಲ್ಲಿ ವರ್ಷಕ್ಕೊಮ್ಮೆ ಕರೆದು, ವರ್ಷದ ಕೊಳೆಯನ್ನು ತಿಂಗಳ ಕೊಳೆಯ ಬೆಲೆಗೆ ತೆಗೆಸಲು ನೋಡುತ್ತೇವೆ. ಮೊದಲ ಸಲಕ್ಕೆ ಎರಡು ಸಾವಿರ, ಮೂರು ತಿಂಗಳೊಳಗೆ ಮತ್ತೆ ಕರೆದರೆ 1,300 ಎಂದು ಎರಡು ದರ ಇಡುವುದು ನ್ಯಾಯ, ಏಕೆಂದರೆ ಎರಡನೇ ಸಲ ಹೊತ್ತೂ ಅಷ್ಟೇ ಕಡಿಮೆಯಾಗುತ್ತದೆ. ಅಪಾರ್ಟ್‌ಮೆಂಟಿನ ಅಸೋಸಿಯೇಷನ್ ಹತ್ತು ಫ್ಲ್ಯಾಟು ಒಟ್ಟಿಗೆ ಕೊಟ್ಟರೆ ಇನ್ನೂ ಇಳಿಸಬಹುದು, ದುಡ್ಡು ಒಂದೇ ಕೈಯಿಂದ ಬರುವುದಾದರೆ ಮಾತ್ರ. ಹತ್ತು ಮನೆಯ ಬಾಗಿಲು ಬಡಿದು ವಸೂಲು ಮಾಡುವುದಾದರೆ ಅದು ಹತ್ತು ಕೆಲಸವೇ, ರಿಯಾಯಿತಿ ಯಾತಕ್ಕೆ?

ಆಗ ಸೆಕ್ರೆಟರಿಯವರು ಕೇಳುವ ಪ್ರಶ್ನೆ ಒಂದಿದೆ: ‘ನಾಳೆಯೇ ಮಳೆ ಬಂದರೆ?’ ಬೆಂಗಳೂರಿನಲ್ಲಿ ಮೇ ತಿಂಗಳಿನಲ್ಲೂ, ಸೆಪ್ಟೆಂಬರ್ ಅಕ್ಟೋಬರಿನಲ್ಲೂ ಇದು ನ್ಯಾಯವಾದ ಭಯ. ಮಳೆನೀರು ತಾನಾಗಿ ಅಷ್ಟು ಕೊಳೆಯಲ್ಲ. ಮೆಶ್ಶಿನಲ್ಲಿ, ಗ್ರಿಲ್ಲಿನಲ್ಲಿ, ಸಜ್ಜಾದ ಅಂಚಿನಲ್ಲಿ ಕೂತ ದೂಳನ್ನು ಕಲಸಿಕೊಂಡು ಗಾಜಿಗೆ ಇಳಿದಾಗ ಪಟ್ಟೆ ಬೀಳುತ್ತದೆ. ಹಾಗಾಗಿ ಮೆಶ್, ಗ್ರಿಲ್ ಎರಡನ್ನೂ ಸೇರಿಸಿ ಪೂರ್ತಿ ದರ ಕೊಟ್ಟವರಿಗೆ 48 ಗಂಟೆಯೊಳಗೆ ಮಳೆ ಬಿದ್ದು ಪಟ್ಟೆಯಾದರೆ ಹೊರಮೈ ಮತ್ತೊಮ್ಮೆ ಬಿಟ್ಟಿ ಒರೆಸಿಕೊಡುತ್ತೇವೆ ಎನ್ನಬಹುದು. ಗಾಜು ಮಾತ್ರ ಸಾಕು ಎಂದು ದರ ಇಳಿಸಿಕೊಂಡವರಿಗೆ ಆ ಮಾತು ಕೊಡಬಾರದು. ಆ ಬಿಟ್ಟಿ ಕೆಲಸಕ್ಕೆ ಹಿಡಿಯುವ ಹೊತ್ತನ್ನೂ ಸೆಪ್ಟೆಂಬರಿನ ಲೆಕ್ಕದಲ್ಲಿ ಮೊದಲೇ ಹಾಕಿಟ್ಟುಕೊಳ್ಳಬೇಕು. ಇಪ್ಪತ್ತು ದಿನದ ಕೆಲಸ ಆ ತಿಂಗಳು ಹದಿನಾರಕ್ಕೆ ಇಳಿದರೆ ಗಂಟೆಯ ಅಸಲು 733 ಅಲ್ಲ, 900 ದಾಟುತ್ತದೆ.